ಮಡಿಕೇರಿಯ ಭಾನುವಾರದ ಡ್ರಾಯಿಂಗ್ ಕ್ಲಾಸ್: ಚೊಂಬು ನೀವೇ ತಗೊಂಡು ಹೋಗಿ

ಮಡಿಕೇರಿಯಲ್ಲಿ ನಾಲ್ಕು ಭಾನುವಾರ ವಸ್ತುಚಿತ್ರದ ಕ್ಲಾಸಿಗೆ ಹೋಗಿ ಬಂದೆ. ಫೀಸು 1,800 ರೂಪಾಯಿ, ದಿನಕ್ಕೆ ಎರಡೂವರೆ ಗಂಟೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಎರಡು ತಕರಾರಿವೆ.

ಹಣ್ಣು, ಹೂದಾನಿ ಇಟ್ಟು ಬರೆಯಲು ಹೇಳುತ್ತಾರೆ ಅಂದುಕೊಂಡಿದ್ದೆ. ಮೇಷ್ಟ್ರು ಮೊದಲೇ ಫೋನ್ ಮಾಡಿ, "ದಿನಾ ಬಳಸೋ ಪಾತ್ರೆ ತನ್ನಿ, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡ್ಬೇಡಿ" ಅಂದರು. ನಾನು ಹಿತ್ತಾಳೆ ಚೊಂಬು ಒಯ್ದೆ. ಪಕ್ಕದವರು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸುವ ಪಾತ್ರೆಯನ್ನೇ ಹೊತ್ತು ತಂದಿದ್ದರು, ಅದೂ ವಿರಾಜಪೇಟೆಯಿಂದ ಬಸ್ಸಿನಲ್ಲಿ!

ಮೊದಲ ದಿನ ಪೂರ್ತಿ ಚೊಂಬಿನ ಬಾಯಿಯಲ್ಲೇ ಕಳೆಯಿತು. ಬಾಯಿ ದುಂಡಗಿದೆ ಅಂತ ಗೊತ್ತಲ್ವಾ, ಕೈ ದುಂಡಗೇ ಎಳೆಯುತ್ತದೆ, ಕೂತಲ್ಲಿಂದ ಕಾಣುವುದು ಮಾತ್ರ ಒತ್ತಿ ಚಪ್ಪಟೆ ಮಾಡಿದ ಬಳೆ. ಮೇಷ್ಟ್ರು ಪುಸ್ತಕ ಪೇರಿಸಿ ಚೊಂಬನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರು. ಬಾಯಿ ಬರೀ ಒಂದು ಗೆರೆಯಾಯಿತು. ಒಂದೊಂದೇ ಪುಸ್ತಕ ತೆಗೆದ ಹಾಗೆ ಬಳೆ ಅಗಲವಾಗುತ್ತಾ ಬಂತು. ತಳ ಇನ್ನೂ ಕೆಳಗಿರುವುದರಿಂದ ಅದರ ಗೆರೆ ಬಾಯಿಗಿಂತ ಜಾಸ್ತಿ ಬಾಗಬೇಕಂತೆ. ನಾನು ಇಷ್ಟು ವರ್ಷ ತಳಕ್ಕೆ ಸ್ಕೇಲಿಟ್ಟು ಎಳೆಯುತ್ತಿದ್ದೆ.

ಶೇಡಿಂಗ್ ಕೂಡ ಚೆನ್ನಾಗಿ ಹೇಳಿಕೊಟ್ಟರು. ಮಣ್ಣಿನ ಕುಡಿಕೆಯಲ್ಲಿ ಬೆಳಕು ನಿಧಾನಕ್ಕೆ ನೆರಳಾಗುತ್ತದೆ, 2ಬಿ ಪೆನ್ಸಿಲ್ ಸಾಕು. ಹಿತ್ತಾಳೆ ಹಾಗಲ್ಲ, ಹೊಳಪಿನ ಪಕ್ಕದಲ್ಲೇ ಕಪ್ಪು ಪಟ್ಟಿ ಇರುತ್ತದೆ, ಅಲ್ಲಿಗೆ ಇನ್ನೂ ಮೆತ್ತಗಿನ, ಕಪ್ಪಾದ 6ಬಿ ಬೇಕು, ಹೊಳಪಿನ ಜಾಗ ಖಾಲಿ ಕಾಗದವಾಗಿಯೇ ಉಳಿಯಬೇಕು.

ಈಗ ತಕರಾರು. ಕಿಟಕಿ ಬೆಳಕಿನ ಜೊತೆ ಮೇಲೆ ಟ್ಯೂಬ್‌ಲೈಟ್ ಬೇರೆ, ಹಾಗಾಗಿ ಪ್ರತಿ ಪಾತ್ರೆಗೂ ಎರಡೆರಡು ನೆರಳು. ಆರಿಸಿದರೆ ಜುಲೈ ಮಳೆಯಲ್ಲಿ ಕತ್ತಲೆ. ಒಂದು ಟೇಬಲ್ ಲ್ಯಾಂಪ್ ಇಟ್ಟರೆ ಮುಗಿಯಿತು. ಎರಡನೆಯದು, ಅವರು ಕೊಡುವ ಕಾಗದ ತೆಳು. ನಮ್ಮೂರಿನ ಮಳೆಗಾಲ ಗೊತ್ತಲ್ಲ, ಹಪ್ಪಳದ ಡಬ್ಬಿಯೇ ಮೆತ್ತಗಾಗುತ್ತದೆ! ಎರಡು ಸಲ ರಬ್ಬರ್ ಉಜ್ಜಿದ್ದೇ ಕಾಗದ ನೂಲೆದ್ದಿತು. ಆಮೇಲೆ ನಾನೇ ದಪ್ಪಗಿನ ಡ್ರಾಯಿಂಗ್ ಕಾಗದ, ಅಂದರೆ 150 ಜಿಎಸ್ಎಂ ಕಾರ್ಟ್ರಿಡ್ಜ್ ಹಾಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದೆ.

ಕೊನೆಯ ಚಿತ್ರ ಮನೆಯಲ್ಲಿ ತೋರಿಸಿದರೆ ಅತ್ತೆ, "ಚೆನ್ನಾಗಿದೆ, ಆದ್ರೆ ಇದು ನಮ್ಮ ಚೊಂಬಲ್ಲ, ನೆಗ್ಗು ಎಲ್ಲಿ?" ಅಂದರು. ನೆಗ್ಗನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೆ. ಮುಂದಿನ ಬ್ಯಾಚ್ ಮಳೆ ನಿಂತ ಮೇಲಂತೆ, ಅದಕ್ಕೂ ಹೆಸರು ಕೊಟ್ಟಿದ್ದೇನೆ.