ಕ್ರೂಸ್ ಹಡಗಿನ ಸ್ಲಾಟ್: ಮುಂಚೆ ಹೋಗುವುದೋ, ಹೊತ್ತಿಗೆ ಸರಿಯಾಗಿಯೋ, ತಡವಾಗಿಯೋ?

ಕ್ರೂಸ್ ಬುಕ್ ಮಾಡಿ ಆ್ಯಪ್‌ನಲ್ಲಿ ಚೆಕ್-ಇನ್ ಮುಗಿಸಿದರೆ ಬೋರ್ಡಿಂಗ್ ಪಾಸಿನ ಮೇಲೆ ಒಂದು ಸಮಯ ಬರುತ್ತದೆ: 11:30ರಿಂದ 12:00, ಇಲ್ಲವೇ 1:00ರಿಂದ 1:30. ಇದೇ ಸ್ಲಾಟ್. ಆ ಹೊತ್ತಿಗೇ ಹೋಗಬೇಕೆ? ಮುಂಚೆ ಹೋದರೆ ಒಳಗೆ ಬಿಡುತ್ತಾರೆಯೆ? ತಡವಾದರೆ ಏನು ಗತಿ? ಅಮೆರಿಕದ ಮಯಾಮಿ, ಪೋರ್ಟ್ ಕೆನವೆರಲ್, ಗಾಲ್ವೆಸ್ಟನ್ ಮತ್ತು ಸಿಂಗಾಪುರ ಈ ಬಂದರುಗಳಲ್ಲಿ ಮೂರೂ ಬಗೆಯಲ್ಲಿ ಹೋಗಿ ನೋಡಿದ ಮೇಲೆ ನಾವು ಹೇಳುವುದು ಇಷ್ಟು. ಸ್ಲಾಟ್ ನೋಡಿ ಒಳಗೆ ಬಿಡುವುದು ಟರ್ಮಿನಲ್ ಬಾಗಿಲಲ್ಲಿ ಮಾತ್ರ. ಅದನ್ನು ದಾಟಿದ ಮೇಲೆ ನಿಮ್ಮ ಸಮಯ ಯಾವುದೆಂದು ಕೇಳುವವರು ಅಪರೂಪ. ಮುಂಚೆ ಬಂದವರಿಗೆ ಆ ಬಾಗಿಲು ಬಿಗಿ, ತಡವಾಗಿ ಬಂದವರಿಗೆ ಸಡಿಲ. ಕಡೆಯ ಗಡುವು ಮೀರಿ ಬಂದವರಿಗೆ ಮಾತ್ರ ಅದು ತೆರೆಯುವುದೇ ಇಲ್ಲ.

ಸ್ಲಾಟ್ ಏಕೆ ಇದೆ ಎಂದು ತಿಳಿದರೆ ಉಳಿದದ್ದು ಸುಲಭ. ಹಡಗು ಬೆಳಗಿನ ಜಾವವೇ ಬಂದು ಕಟ್ಟೆಗೆ ತಗುಲಿಕೊಳ್ಳುತ್ತದೆ. ಹಿಂದಿನ ಪ್ರಯಾಣದವರು ಇಳಿದು ಮುಗಿಯುವಾಗ ಹತ್ತು, ಹತ್ತೂವರೆ. ಅಮೆರಿಕದ ಬಂದರುಗಳಲ್ಲಿ ಕಡೆಯ ಪ್ರಯಾಣಿಕ ಇಳಿದು ಲೆಕ್ಕ ಸೊನ್ನೆಗೆ ಬರುವ ತನಕ ಹೊಸಬರನ್ನು ಹತ್ತಿಸುವುದಿಲ್ಲ. ಇದಕ್ಕೆ 'ಝೀರೋ ಕೌಂಟ್' ಎನ್ನುತ್ತಾರೆ. ಯಾರೋ ಒಬ್ಬರು ಕ್ಯಾಬಿನ್‌ನಲ್ಲಿ ಮಲಗಿಬಿಟ್ಟರೂ ಸಾಕು, ಹೊರಗಿನ ಸಾವಿರಾರು ಜನ ಕಾಯಬೇಕು. ಮಯಾಮಿಯಿಂದ ಹೊರಡುವ 'ಐಕಾನ್ ಆಫ್ ದ ಸೀಸ್' ತುಂಬಿದರೆ ಸುಮಾರು 7,600 ಪ್ರಯಾಣಿಕರನ್ನು ಹೊರುತ್ತದೆ. ಅಷ್ಟು ಜನ ಇಳಿದು, ಅಷ್ಟೇ ಜನ ಹತ್ತುವುದು ಒಂದೇ ದಿನ. ಹತ್ತು ಗಂಟೆಗೇ ಬಂದವರು ಇಳಿದು ಹೋಗುವವರ ಟ್ಯಾಕ್ಸಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ.

ಮುಂಚಿನ ಸ್ಲಾಟ್ ಬೇಕಿದ್ದರೆ ಚೆಕ್-ಇನ್ ತೆರೆದ ದಿನವೇ ಕೂತು ಮಾಡಬೇಕು. ರಾಯಲ್ ಕೆರಿಬಿಯನ್ ಹಡಗು ಕಂಪನಿಯಲ್ಲಿ ಅದು ತೆರೆಯುವುದು ಹೊರಡುವ 45 ದಿನ ಮುಂಚೆ, ನಾರ್ವೇಜಿಯನ್‌ನಲ್ಲಿ 21 ದಿನ, ಕಾರ್ನಿವಲ್‌ನಲ್ಲಿ ಸಾಮಾನ್ಯ ಪ್ರಯಾಣಿಕರಿಗೆ 14 ದಿನ. ಡಿಸ್ನಿಯಲ್ಲಿ ಮೊದಲ ಬಾರಿಯವರಿಗೆ 30 ದಿನ, ಹಳಬರಿಗೆ ಇನ್ನೂ ಮೊದಲು. ರಾಯಲ್ ಮತ್ತು ಡಿಸ್ನಿ ಎರಡೂ ಅಮೆರಿಕದ ಪೂರ್ವ ಕರಾವಳಿಯ ಮಧ್ಯರಾತ್ರಿಗೆ ತೆರೆಯುತ್ತವೆ. ನಮ್ಮ ಗಡಿಯಾರದಲ್ಲಿ ಅದು ಅವರ ಬೇಸಿಗೆ ಕಾಲದಲ್ಲಿ ಬೆಳಿಗ್ಗೆ 9:30, ಚಳಿಗಾಲದಲ್ಲಿ 10:30. ಅಲ್ಲಿ ಮಗಳು ಅಳಿಯ ನಿದ್ದೆಗೆಟ್ಟು ಕಾಯುವ ಬದಲು, ಬೆಂಗಳೂರಿನಲ್ಲಿರುವ ಅಪ್ಪ ಅಮ್ಮ ತಿಂಡಿ ಮುಗಿಸಿ ಮಾಡಿಬಿಡಬಹುದಾದ ಕೆಲಸ. ಪಾಸ್‌ಪೋರ್ಟ್ ವಿವರ, ಕಾರ್ಡ್ ನಂಬರ್, ಪ್ರತಿಯೊಬ್ಬರ ಫೋಟೋ ಮುಂಚೆಯೇ ಎತ್ತಿಟ್ಟುಕೊಳ್ಳಿ. ಫೋಟೋದಲ್ಲಿ ಕನ್ನಡಕ ಹೊಳೆದರೆ, ಹಿಂದೆ ಇನ್ನೊಬ್ಬರ ಮುಖ ಕಂಡರೆ ಆ್ಯಪ್ ಒಪ್ಪುವುದಿಲ್ಲ. ಮತ್ತೆ ತೆಗೆಯುವಷ್ಟರಲ್ಲಿ ಒಳ್ಳೆಯ ಸ್ಲಾಟುಗಳು ಖಾಲಿ.

ಮುಂಚೆ ಹೋದರೆ

ಮುಂಚೆ ಹೋದವರನ್ನು ಮೊದಲು ಎದುರುಗೊಳ್ಳುವುದು ಪೋರ್ಟರ್. ಅವರು ಸ್ಲಾಟ್ ಕೇಳುವುದಿಲ್ಲ. ಹಡಗು ಕಂಪನಿಯ ಟ್ಯಾಗ್ ಇದ್ದರೆ ಸಾಕು, ಪೆಟ್ಟಿಗೆ ಎತ್ತಿ ಗಾಡಿಗೆ ಹಾಕುತ್ತಾರೆ. ಪೆಟ್ಟಿಗೆಗೆ ಒಂದೆರಡು ಡಾಲರ್ ಕೊಡುವುದು ಅಲ್ಲಿನ ರೂಢಿ. ಟ್ಯಾಗನ್ನು ಮನೆಯಲ್ಲೇ ಮುದ್ರಿಸಿ, ಉದ್ದಕ್ಕೆ ಪಟ್ಟಿಯಂತೆ ಮಡಚಿ, ಹಿಡಿಗೆ ಸುತ್ತಿ, ಎರಡು ಕಡೆ ಸ್ಟೇಪಲ್ ಹೊಡೆಯಿರಿ. ಪಿನ್ನು ಬಾರ್‌ಕೋಡ್ ಮೇಲೆ ಬೀಳಬಾರದು. ಬರೀ ಸೆಲೋಟೇಪ್ ಅಂಟಿಸಿದ ಕಾಗದ ಬೆವರಿಗೆ, ಮಳೆಗೆ ಬಿಚ್ಚಿಕೊಂಡು ಪೆಟ್ಟಿಗೆ ಅನಾಥವಾಗುತ್ತದೆ.

ಅಲ್ಲಿಂದ ಇಪ್ಪತ್ತು ಹೆಜ್ಜೆ ಮುಂದೆ ಬಾಗಿಲು. ಅಲ್ಲಿ ನಿಂತವರು ನಿಮ್ಮ ಫೋನಿನ ಪಾಸನ್ನು ಇಡಿಯಾಗಿ ಓದುವುದಿಲ್ಲ, ದಪ್ಪ ಅಕ್ಷರದ ಸಮಯವನ್ನಷ್ಟೇ ನೋಡುತ್ತಾರೆ. ಹತ್ತು ಹದಿನೈದು ನಿಮಿಷ ಮುಂಚೆಯಾಗಿದ್ದು ಒಳಗಿನ ಹಾಲ್ ಖಾಲಿಯಿದ್ದರೆ ಕೈಬೀಸಿ ಕಳಿಸುವುದುಂಟು. ಒಂದು ಗಂಟೆ ಮುಂಚೆಯಾದರೆ ಪಕ್ಕಕ್ಕೆ ನಿಲ್ಲಿ ಅನ್ನುತ್ತಾರೆ. ಮುಂಚೆ ಬಂದವರನ್ನು ಅವರ ಸಮಯಕ್ಕೆ ಮತ್ತೆ ಬರಲು ಹೇಳುತ್ತೇವೆಂದು ಕಾರ್ನಿವಲ್ ತನ್ನ ನಿಯಮದಲ್ಲೇ ಬರೆದುಕೊಂಡಿದೆ. ಅದು ಬರೀ ಬೆದರಿಕೆಯಲ್ಲ. ಹೊರಗೆ ನಿಲ್ಲುವುದೆಂದರೆ ಕುರ್ಚಿಯಿಲ್ಲ, ಫ್ಯಾನಿಲ್ಲ, ಹತ್ತಿರದಲ್ಲಿ ಶೌಚಾಲಯವೂ ಇರಲಾರದು. ಫ್ಲಾರಿಡಾದ ಜುಲೈ ಬಿಸಿಲಲ್ಲಿ ಎಪ್ಪತ್ತು ದಾಟಿದ ಅಜ್ಜಿ ತಾತನನ್ನು ಹಾಗೆ ನಿಲ್ಲಿಸುವುದು ತಪ್ಪು.

ಒಳಗೆ ಬಿಟ್ಟರೂ ಸಿಗುವುದೇನು? ಮಧ್ಯಾಹ್ನದ ಊಟ ಬೇಗ, ಈಜುಕೊಳ ಖಾಲಿ, ನಾಟಕ-ನೃತ್ಯದ ಸೀಟು ಮತ್ತು ರಾತ್ರಿ ಊಟದ ಟೇಬಲ್ ಹಿಡಿಯಲು ಸಮಯ. ಆದರೆ ಕ್ಯಾಬಿನ್ ಸಿಗುವುದು ಹೆಚ್ಚಿನ ಹಡಗುಗಳಲ್ಲಿ ಒಂದು, ಒಂದೂವರೆಗೆ. ಅಲ್ಲಿಯವರೆಗೆ ಕೈಚೀಲ ಹೊತ್ತೇ ತಿರುಗಬೇಕು. ಹಾಗಾಗಿ ಮುಂಚಿನ ಸ್ಲಾಟ್ ಸಿಕ್ಕರೆ ತೆಗೆದುಕೊಳ್ಳಿ. ಸ್ಲಾಟ್ ಇಲ್ಲದೆ ಮುಂಚೆ ಹೋಗುವುದು ನಮ್ಮ ಮಟ್ಟಿಗೆ ಅತ್ಯಂತ ಕಳಪೆ ಆಯ್ಕೆ.

ಹೊತ್ತಿಗೆ ಸರಿಯಾಗಿ, ಆದರೆ ಯಾವ ಹೊತ್ತಿಗೆ?

ಇಲ್ಲೊಂದು ಸೂಕ್ಷ್ಮ ಇದೆ. 11:30ರ ಸ್ಲಾಟ್ ಅಂದರೆ ಅದುವರೆಗೆ ಹೊರಗೆ ನಿಂತವರೆಲ್ಲ 11:30ಕ್ಕೆ ಒಮ್ಮೆಲೇ ನುಗ್ಗುತ್ತಾರೆ. ಸ್ಲಾಟ್ ಶುರುವಾದ ಮೊದಲ ಹತ್ತು ನಿಮಿಷ ಎಕ್ಸ್-ರೇ ಸಾಲು ಬಾಗಿಲ ತನಕ ಬೆಳೆದಿರುತ್ತದೆ, ಕಡೆಯ ಹತ್ತು ನಿಮಿಷದಲ್ಲಿ ಕರಗಿರುತ್ತದೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಇಪ್ಪತ್ತನೇ ನಿಮಿಷಕ್ಕೆ ಬಾಗಿಲಲ್ಲಿರುವಂತೆ ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು.

ಅಮೆರಿಕದಲ್ಲಿ ಕ್ರಮ ಹೀಗೆ: ಬಾಗಿಲು, ಎಕ್ಸ್-ರೇ, ದಾಖಲೆ ಪರಿಶೀಲನೆ, ಕಾಯುವ ಹಾಲ್, ಹಡಗು. ದೇಶ ಬಿಡುವಾಗ ಇಮಿಗ್ರೇಷನ್ ಕೌಂಟರ್ ಇರುವುದಿಲ್ಲ. ನಮ್ಮವರು ಸಿಕ್ಕಿಬೀಳುವುದು ಎರಡು ಕಡೆ. ಒಂದು, ಎಕ್ಸ್-ರೇ. ಚಹಾಕ್ಕೆಂದು ಇಟ್ಟ ವಿದ್ಯುತ್ ಕೆಟಲ್, ಪುಟ್ಟ ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬಾಕ್ಸ್ ಇವೆಲ್ಲ ಬೆಂಕಿಯ ಭಯಕ್ಕೆ ಸಾಮಾನ್ಯವಾಗಿ ನಿಷಿದ್ಧ. ಕೈಚೀಲದಲ್ಲಿದ್ದರೆ ಅಲ್ಲೇ ಬಿಡಿಸಿ ನೋಡುತ್ತಾರೆ. ಪೋರ್ಟರ್‌ಗೆ ಕೊಟ್ಟ ಪೆಟ್ಟಿಗೆಯಲ್ಲಿದ್ದರೆ ಆ ಪೆಟ್ಟಿಗೆ ಕ್ಯಾಬಿನ್‌ಗೆ ಬರುವುದಿಲ್ಲ, ನೀವೇ ಹೋಗಿ ಬಿಡಿಸಿಕೊಳ್ಳಬೇಕು. ಇನ್ನೊಂದು, ದಾಖಲೆ. ಅಮೆರಿಕದ ಪಾಸ್‌ಪೋರ್ಟಿನವರು ಕ್ಯಾಮೆರಾಗೆ ಮುಖ ತೋರಿಸಿ ದಾಟಬಹುದಾದ ಕಡೆಯೂ, ಭಾರತದ ಪಾಸ್‌ಪೋರ್ಟಿನವರ ವೀಸಾವನ್ನು ಕೌಂಟರ್‌ನಲ್ಲಿ ಕೈಯಾರೆ ನೋಡುವುದು ಸಾಮಾನ್ಯ. ಹಳೆಯ ಪಾಸ್‌ಪೋರ್ಟಿನಲ್ಲಿ ವೀಸಾ ಇದ್ದರೆ ಎರಡನ್ನೂ ಒಯ್ಯಿರಿ. ಅವು ಮತ್ತು ಔಷಧ ಕೈಚೀಲದಲ್ಲೇ ಇರಲಿ, ಪೋರ್ಟರ್ ಒಯ್ಯುವ ಪೆಟ್ಟಿಗೆಯಲ್ಲಿ ಅಲ್ಲ.

ಸಿಂಗಾಪುರದ ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ಲೆಕ್ಕಾಚಾರ ಬೇರೆ. ಮರೀನಾ ಸೌತ್ ಪಿಯರ್ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಒಳಗೆ ಹವಾನಿಯಂತ್ರಿತ ಜಾಗ ಧಾರಾಳವಾಗಿದೆ, ಹಾಗಾಗಿ ಮುಂಚೆ ಬಂದವರು ಬಿಸಿಲಲ್ಲಿ ಒಣಗುವುದಿಲ್ಲ. ಆದರೆ ಇಲ್ಲಿ ದೇಶ ಬಿಡುವ ಇಮಿಗ್ರೇಷನ್ ಉಂಟು. ಸಾಲು ಕಟ್ಟುವ ಜಾಗ ಒಂದು ಹೆಚ್ಚು, ಅದರ ವೇಗ ಹಡಗು ಕಂಪನಿಯ ಕೈಯಲ್ಲಿಲ್ಲ. ಕಡೆಯ ಗಡುವಿಗೆ ಎರಡು ಗಂಟೆಯಾದರೂ ಉಳಿದಿರುವಂತೆ ಒಳಗಿರಿ. ವಾಪಸು ಇಳಿಯುವಾಗ ಮತ್ತೆ ಸಿಂಗಾಪುರ ಪ್ರವೇಶ ಆಗುವುದರಿಂದ ವೀಸಾ ಮಲ್ಟಿಪಲ್ ಎಂಟ್ರಿ ಇದೆಯೇ ಎಂದು ಕೌಂಟರಿನವರು ನೋಡುತ್ತಾರೆ. ಇಲ್ಲದಿದ್ದರೆ ಸ್ಲಾಟ್ ಯಾವುದಿದ್ದರೂ ಹತ್ತಿಸುವುದಿಲ್ಲ.

ತಡವಾಗಿ ಹೋದರೆ

ಎಲ್ಲರೂ ಹೆದರುವ ಆಯ್ಕೆ ಇದು, ಆದರೆ ಇದೇ ಎಲ್ಲಕ್ಕಿಂತ ಆರಾಮ. ನಾಲ್ಕು ಗಂಟೆಗೆ ಹೊರಡುವ ಹಡಗಿಗೆ ಒಂದೂವರೆಯಿಂದ ಎರಡರ ಒಳಗೆ ಹೋದರೆ ಟರ್ಮಿನಲ್ ಹೆಚ್ಚುಕಡಿಮೆ ಖಾಲಿ. 11:30ರ ಸ್ಲಾಟ್ ಇಟ್ಟುಕೊಂಡು ಒಂದೂವರೆಗೆ ಬಂದವರನ್ನು ತಡೆದದ್ದು ನಾವು ಕಂಡಿಲ್ಲ. ಅವರನ್ನು ವಾಪಸು ಕಳಿಸಿ ಬಾಗಿಲಿನವರಿಗೆ ಆಗುವ ಲಾಭವೂ ಇಲ್ಲ.

ಗಡುವಿನ ಮಾತು ಮಾತ್ರ ಬೇರೆಯೇ. ಹಡಗು ಅಮೆರಿಕ ಬಿಡುವ 60 ನಿಮಿಷ ಮುಂಚೆ ಒಳಗಿರುವ ಪ್ರಯಾಣಿಕರ ಪಟ್ಟಿಯನ್ನು ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆಗೆ ಕಳಿಸಲೇಬೇಕೆಂದು ಕಾನೂನಿದೆ. ಆದ್ದರಿಂದ ಕಂಪನಿಗಳು ಸಾಮಾನ್ಯವಾಗಿ ಹೊರಡುವ 60ರಿಂದ 90 ನಿಮಿಷ ಮುಂಚೆ, ಕೆಲವೊಮ್ಮೆ ಇನ್ನೂ ಮೊದಲೇ ಬಾಗಿಲು ಮುಚ್ಚುತ್ತವೆ. ಪಟ್ಟಿ ಹೋದ ಮೇಲೆ ಹಡಗು ಕಣ್ಣೆದುರೇ ನಿಂತಿದ್ದರೂ ಹತ್ತಿಸುವುದಿಲ್ಲ, ಕಣ್ಣೀರಿಟ್ಟರೂ ಪ್ರಯೋಜನವಿಲ್ಲ, ದುಡ್ಡೂ ವಾಪಸು ಬರುವುದಿಲ್ಲ. ಟಿಕೆಟ್ಟಿನಲ್ಲಿ ಬರೆದ ಗಡುವನ್ನು ಸ್ಲಾಟಿಗಿಂತ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಅದೇ ದಿನದ ವಿಮಾನ ನಂಬಿಕೊಂಡು ಹೊರಡುವವರಿಗೆ ಈ ಆಯ್ಕೆ ಬೇಡವೇ ಬೇಡ. ಹಿಂದಿನ ರಾತ್ರಿ ಬಂದರಿನ ಊರಿನಲ್ಲಿ ತಂಗಿ. ಬೆಂಗಳೂರಿನಿಂದ ಮುಂಬೈಗೆ ಹಾರಿ ಬಲ್ಲಾರ್ಡ್ ಪಿಯರ್‌ನಲ್ಲಿ ಗೋವಾ, ಲಕ್ಷದ್ವೀಪದ ಹಡಗು ಹತ್ತುವವರಿಗೂ ಇದೇ ಮಾತು. ವಿಮಾನ ನಿಲ್ದಾಣದಿಂದ ದಕ್ಷಿಣ ಮುಂಬೈ ತುದಿಯವರೆಗಿನ ರಸ್ತೆ ಯಾವ ಸ್ಲಾಟನ್ನೂ ಕೇಳುವುದಿಲ್ಲ.

ಸ್ಲಾಟ್ ಅತಿ ಕಟ್ಟುನಿಟ್ಟಾಗುವ ದಿನವೊಂದಿದೆ: ಹಡಗೇ ತಡವಾದ ದಿನ. ಗಾಲ್ವೆಸ್ಟನ್‌ನಲ್ಲಿ ಚಳಿಗಾಲದ ಮಂಜು ಕವಿದರೆ ಹಡಗುಗಳ ಹಾದಿಯನ್ನೇ ಮುಚ್ಚುತ್ತಾರೆ, ಹಡಗು ಹೊರಗೆ ಸಮುದ್ರದಲ್ಲೇ ನಿಲ್ಲುತ್ತದೆ. ಆಗ ಎಲ್ಲ ಸ್ಲಾಟುಗಳನ್ನೂ ಮುಂದಕ್ಕೆ ತಳ್ಳಿ ಎಸ್ಸೆಮ್ಮೆಸ್, ಈಮೇಲ್ ಕಳಿಸುತ್ತಾರೆ. ಬುಕಿಂಗ್‌ನಲ್ಲಿ ಭಾರತದ ನಂಬರ್ ಕೊಟ್ಟು ಅಲ್ಲಿ ಬೇರೆ ಸಿಮ್ ಹಾಕಿದವರಿಗೆ ಆ ಎಸ್ಸೆಮ್ಮೆಸ್ ಮುಟ್ಟುವುದೇ ಇಲ್ಲ. ಹೊರಡುವ ದಿನ ಬೆಳಿಗ್ಗೆ ಆರಕ್ಕೊಮ್ಮೆ, ಒಂಬತ್ತಕ್ಕೊಮ್ಮೆ ಈಮೇಲ್ ತೆರೆದು ನೋಡಿ. ಪಾಸಿನ ಒಂದು ಪ್ರತಿ ಕಾಗದದಲ್ಲೂ ಇರಲಿ. ಸಾವಿರಾರು ಫೋನು ಒಂದೇ ಕಡೆ ಸೇರಿದಾಗ ಆ್ಯಪ್ ತೆರೆಯಲು ಒದ್ದಾಡುತ್ತದೆ.

ಎರಡು ಕ್ಯಾಬಿನ್ ಹಿಡಿದ ಮನೆಯವರಿಗೆ ಇನ್ನೊಂದು ಮಾತು. ಅಪ್ಪ ಅಮ್ಮನ ಪಾಸಿನಲ್ಲಿ 11:30, ಮಗ ಸೊಸೆಯದರಲ್ಲಿ 1:00 ಎಂದಿದ್ದರೆ ಬಾಗಿಲಿನವರು ಒಟ್ಟಿಗೆ ಬಿಡಲೂಬಹುದು, ಬಿಡದಿರಲೂಬಹುದು. ಚೆಕ್-ಇನ್ ಮಾಡುವಾಗ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಒಂದೇ ಸ್ಲಾಟ್ ಒತ್ತಿ. ಆಗಲೇ ಬೇರೆ ಬೇರೆಯಾಗಿ ಹೋಗಿದ್ದರೆ ಆ್ಯಪ್‌ಗೆ ಹೋಗಿ ಮುಂಚಿನದನ್ನು ಬಿಟ್ಟು, ಎಲ್ಲರೂ ತಡದ್ದಕ್ಕೆ ಬದಲಾಯಿಸಿಕೊಳ್ಳಿ. ತಡದ ಸ್ಲಾಟುಗಳು ಕಡೆಯ ದಿನದವರೆಗೂ ಖಾಲಿಯಿರುತ್ತವೆ.