ಕೈ ಊತಕ್ಕೆ ಮುಲುಂಡಿನ ಸಣ್ಣ ಲಿಂಫ್ ಕ್ಲಿನಿಕ್: ಹೋಗಬಹುದಾ?

ಹೋಗಬಹುದು. ಸ್ತನ ಕ್ಯಾನ್ಸರ್ ಆಪರೇಶನ್ ಆದ ಮೇಲೆ ಕೈ ಊದಿಕೊಂಡು, "ಇನ್ನು ಇದು ಹೀಗೇ" ಅಂತ ಸುಮ್ಮನೆ ಕೂತಿರುವವರು ಮುಂಬೈಯಲ್ಲಿ ನಮ್ಮವರಲ್ಲೇ ಎಷ್ಟೋ ಜನ ಇದ್ದಾರೆ. ಅವರು ಖಂಡಿತ ಹೋಗಬೇಕು.

ಮುಲುಂಡ್ ವೆಸ್ಟ್‌ನಲ್ಲಿ, ಪಾಂಚ್ ರಸ್ತಾದಿಂದ ಸ್ವಲ್ಪ ಒಳಗೆ ಇದೆ. ಇಬ್ಬರು ಫಿಸಿಯೋಥೆರಪಿಸ್ಟ್‌ಗಳು, ಎರಡು ಮಂಚ, ನಡುವೆ ಒಂದು ಪರದೆ, ಅಷ್ಟೇ. ಇಬ್ಬರೂ ಲಿಂಫೆಡೀಮಾ, ಅಂದರೆ ಲಿಂಫ್ ಹರಿಯದೆ ನಿಂತು ಬರುವ ಊತದ ಚಿಕಿತ್ಸೆಯನ್ನು ಬೇರೆಯಾಗಿ ಕಲಿತು ಬಂದವರು. ಹೆಸರು ಹಾಕಬೇಡಿ ಅಂದಿದ್ದಾರೆ, ಈಗ ಬರುವವರನ್ನು ನೋಡುವುದಕ್ಕೇ ಟೈಮ್ ಸಾಲುತ್ತಿಲ್ಲವಂತೆ. ಡೊಂಬಿವಲಿಯಿಂದ ನಮ್ಮ ಚಿಕ್ಕಮ್ಮನನ್ನು ಸ್ಲೋ ಲೋಕಲ್‌ನಲ್ಲಿ ಕರೆದುಕೊಂಡು ಹೋಗುತ್ತಿದ್ದವಳು ನಾನು. ಆದ್ದರಿಂದ ಕಣ್ಣಾರೆ ನೋಡಿದ್ದನ್ನೇ ಬರೆಯುತ್ತಿದ್ದೇನೆ.

ಚಿಕ್ಕಮ್ಮನಿಗೆ ಎಡಗಡೆ ಆಪರೇಶನ್ ಆಗಿತ್ತು. ಗಡ್ಡೆಯ ಜೊತೆ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದಿದ್ದರು, ಆಮೇಲೆ ರೇಡಿಯೇಶನ್ ಕೂಡ ಆಯಿತು. ಕೈ ಊದಲು ಶುರುವಾದದ್ದು ಎಷ್ಟೋ ತಿಂಗಳ ನಂತರ. ಮೊದಲು ಬೆರಳು, ಆಮೇಲೆ ಮುಂಗೈ. ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲಿಕ್ಕೇ ಆಗುತ್ತಿರಲಿಲ್ಲ, ಅಷ್ಟು ಬಿಗಿ. ಥೆರಪಿಸ್ಟ್ ಮೊದಲು ನೋಡಿದ್ದೂ ಅದನ್ನೇ. ಆಮೇಲೆ ಟೇಪ್ ಹಿಡಿದು ಎರಡೂ ಕೈಗಳನ್ನು ಮಣಿಕಟ್ಟಿನಿಂದ ತೋಳಿನವರೆಗೆ, ನಾಲ್ಕು ನಾಲ್ಕು ಸೆಂಟಿಮೀಟರಿಗೊಂದು ಗುರುತು ಹಾಕಿ ಅಳೆದರು. ಎರಡು ಕೈಗಳ ನಡುವೆ 2 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಊತವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಚಿಕ್ಕಮ್ಮನಿಗೆ ಮುಂಗೈಯಲ್ಲಿ 4 ಇತ್ತು.

ನನಗೆ ತುಂಬಾ ಇಷ್ಟವಾದದ್ದು ಏನೆಂದರೆ, ಕೈ ಮುಟ್ಟುವ ಮೊದಲು ವಿಷಯ ಬಿಡಿಸಿ ಹೇಳಿದರು. ರಕ್ತನಾಳಗಳಿಂದ ಸೋರಿ ಹೊರಗೆ ಬರುವ ನೀರು ಪೂರ್ತಿ ವಾಪಸ್ ಹೋಗುವುದಿಲ್ಲ. ಉಳಿದದ್ದನ್ನು, ಅದರಲ್ಲಿರುವ ಪ್ರೋಟೀನನ್ನೂ ಸೇರಿಸಿ, ಲಿಂಫ್ ನಾಳಗಳು ಎತ್ತಿಕೊಂಡು ಹೋಗಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಇದೇ ಲಿಂಫ್, ಕನ್ನಡದಲ್ಲಿ ದುಗ್ಧರಸ. ದಿನಕ್ಕೆ ಸುಮಾರು 2ರಿಂದ 4 ಲೀಟರ್ ಅಂತೆ! ದಾರಿಯಲ್ಲಿ ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಗ್ರಂಥಿಗಳ ಗುಂಪುಗಳಿವೆ. ರೋಗಾಣುಗಳನ್ನು ಹಿಡಿಯುವುದು ಅಲ್ಲೇ. ಗಂಟಲು ಕೆಟ್ಟಾಗ ದವಡೆಯ ಕೆಳಗೆ ಗಂಟು ಸಿಗುತ್ತದೆ ಅಲ್ವಾ, ಅದು ಇದೇ. ರಕ್ತಕ್ಕೆ ಹೃದಯ ಇದ್ದ ಹಾಗೆ ಲಿಂಫಿಗೆ ಬೇರೆ ಪಂಪ್ ಇಲ್ಲ. ನಾಳಗಳೇ ತಾವಾಗಿ ಸ್ವಲ್ಪ ಸ್ವಲ್ಪ ಕುಗ್ಗಿ ತಳ್ಳುತ್ತವೆ, ಒಳಗಿನ ಕವಾಟಗಳು ಹಿಂದೆ ಬರದ ಹಾಗೆ ತಡೆಯುತ್ತವೆ, ಉಳಿದದ್ದು ನಮ್ಮ ಸ್ನಾಯುಗಳ ಚಲನೆ ಮತ್ತು ಉಸಿರಾಟದ ಕೆಲಸ. ಕಂಕುಳಿನ ಗ್ರಂಥಿ ತೆಗೆದರೆ ದಾರಿ ಕಟ್ಟಾಗುತ್ತದೆ. ನೀರು ನಿಂತಲ್ಲೇ ನಿಲ್ಲುತ್ತದೆ, ಬಹಳ ದಿನ ಬಿಟ್ಟರೆ ಅಲ್ಲಿನ ಮಾಂಸವೇ ಗಟ್ಟಿಯಾಗುತ್ತದೆ.

ಚಿಕಿತ್ಸೆ ಶುರು ಮಾಡಿದ್ದು ಕುತ್ತಿಗೆಯಿಂದ! "ಊದಿದ್ದು ಕೈ, ಇವರು ಕುತ್ತಿಗೆ ಯಾಕೆ ಸವರುತ್ತಿದ್ದಾರೆ?" ಅಂತ ಚಿಕ್ಕಮ್ಮ ಕನ್ನಡದಲ್ಲಿ ನನ್ನನ್ನು ಕೇಳಿದರು, ನಾನು ಅದನ್ನೇ ಮರಾಠಿಯಲ್ಲಿ ಕೇಳಿದೆ. ಅದಕ್ಕೂ ಬೇಜಾರಿಲ್ಲದೆ ಉತ್ತರ ಕೊಟ್ಟರು. ಇಡೀ ದೇಹದ ಲಿಂಫ್ ಕೊನೆಗೆ ಬಂದು ರಕ್ತಕ್ಕೆ ಸೇರುವುದು ಕುತ್ತಿಗೆಯ ಬುಡದಲ್ಲಿ, ಕಾಲರ್ ಮೂಳೆಯ ಹಿಂದಿರುವ ದೊಡ್ಡ ರಕ್ತನಾಳಗಳಿಗೆ. ಬಲಗೈ, ತಲೆಯ ಬಲಭಾಗ, ಎದೆಯ ಬಲಭಾಗ ಇಷ್ಟರದ್ದು ಬಲಗಡೆಗೆ ಬರುತ್ತದೆ. ಎರಡೂ ಕಾಲು, ಹೊಟ್ಟೆ, ಎಡಗೈ ಎಲ್ಲ ಸೇರಿ ಉಳಿದದ್ದೆಲ್ಲ ಎಡಗಡೆಗೆ. ಮುಂದಿನ ಜಾಗ ಖಾಲಿ ಮಾಡದೆ ಹಿಂದಿನಿಂದ ತಳ್ಳಿದರೆ ಏನು ಪ್ರಯೋಜನ? ಆದ್ದರಿಂದ ಮೊದಲು ಕುತ್ತಿಗೆ, ಆಮೇಲೆ ಸರಿಯಾಗಿರುವ ಬಲ ಕಂಕುಳು, ಎಡ ತೊಡೆಸಂದಿ. ನಂತರ ಎದೆಯ ಮೇಲಿನ ನೀರನ್ನು ಆ ಕಡೆಗೆ ಸರಿಸುವುದು. ಕೈ ಬರುವುದು ಕೊನೆಗೆ. ಅದರಲ್ಲೂ ಮೊದಲು ತೋಳು, ಆಮೇಲೆ ಮುಂಗೈ, ಎಲ್ಲಕ್ಕಿಂತ ಕೊನೆಗೆ ಬೆರಳು.

ಎಣ್ಣೆ ಇಲ್ಲ, ಒತ್ತಡ ಇಲ್ಲ. ಚರ್ಮವನ್ನು ಸ್ವಲ್ಪ ಎಳೆದು ಬಿಡುವುದು ಮಾತ್ರ. ನಾಳಗಳು ಚರ್ಮದ ಕೆಳಗೇ ಇರುವುದರಿಂದ ಅಷ್ಟು ಸಾಕು. "ಕಾಕೂ, ಹಾತ್ ಸೈಲ್ ಸೋಡಾ" ಅಂತ ನಡುನಡುವೆ ಹೇಳುತ್ತಿದ್ದರು, ಚಿಕ್ಕಮ್ಮ ಕೈ ಸಡಿಲ ಬಿಟ್ಟು ಅಲ್ಲೇ ನಿದ್ದೆ ಹೋಗುತ್ತಿದ್ದರು. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ ರೂಢಿಗೆ ತಂದ ವಿಧಾನ ಇದು.

ಎಣ್ಣೆ ಇಲ್ಲ, ಒತ್ತಡ ಇಲ್ಲ ಅಂತ ಒತ್ತಿ ಹೇಳಲು ಕಾರಣ ಇದೆ. ಯಾರೋ ನೆಂಟರ ಮಾತು ಕೇಳಿ ಚಿಕ್ಕಮ್ಮ ಮೊದಲು ಠಾಣೆ ಕಡೆಯ ಒಂದು ಸ್ಪಾಗೆ ಹೋಗಿದ್ದರು. ಅಲ್ಲೂ ಬೋರ್ಡಿನ ಮೇಲೆ ಲಿಂಫ್ ಮಸಾಜ್ ಅಂತಲೇ ಇತ್ತು. ಮೈಯ ವಿಷ ಎಲ್ಲ ಹೊರಗೆ ಹಾಕುತ್ತೇವೆ ಅಂದರು, ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರು, ಕೈ ಕೆಂಪಾಗಿ ಇನ್ನೂ ಜಾಸ್ತಿ ಊದಿತು. ಆಪರೇಶನ್ ಆಗಿದೆಯಾ ಅಂತ ಒಂದು ಮಾತು ಕೇಳಿರಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ. ಬೇಡದ್ದನ್ನು ಹೊರಗೆ ಹಾಕುವ ಕೆಲಸ ಲಿವರ್, ಕಿಡ್ನಿಗಳದ್ದು. ಆರೋಗ್ಯವಾಗಿರುವವರಿಗೆ ನಡೆದಾಡಿದರೆ ಲಿಂಫ್ ತಾನಾಗಿ ಹರಿಯುತ್ತದೆ. ಕೈ ಬಿಸಿಯಾಗಿ ಕೆಂಪಾಗಿದ್ದರೆ, ಜ್ವರ ಇದ್ದರೆ ಮಸಾಜೇ ಮಾಡಬಾರದು, ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಮುಲುಂಡಿನವರು ಪ್ರತಿ ಸಲ ಇದನ್ನು ಕೇಳಿಯೇ ಒಳಗೆ ಕರೆಯುತ್ತಾರೆ.

ಮಸಾಜ್‌ಗಿಂತ ದೊಡ್ಡ ಕೆಲಸ ಬ್ಯಾಂಡೇಜಿನದು. ಬೆರಳಿಗೆ ಒಂದೊಂದಾಗಿ ತೆಳು ಬಟ್ಟೆ ಸುತ್ತುತ್ತಾರೆ, ಅದರ ಮೇಲೆ ಹತ್ತಿಯ ಪದರ, ಅದರ ಮೇಲೆ ಕಡಿಮೆ ಹಿಗ್ಗುವ ಬ್ಯಾಂಡೇಜ್. ಕೆಳಗೆ ಬಿಗಿ, ಮೇಲೆ ಹೋದ ಹಾಗೆ ಸಡಿಲ. ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ಇದಕ್ಕೆ ಆಗುವುದಿಲ್ಲ. ಅದು ಸುಮ್ಮನೆ ಕೂತಾಗಲೂ ಹಿಂಡುತ್ತಲೇ ಇರುತ್ತದೆ. ಇದು ಹಾಗಲ್ಲ, ಮುಷ್ಟಿ ಕಟ್ಟಿ ಬಿಟ್ಟಾಗ ಸ್ನಾಯು ಉಬ್ಬಿ ಬ್ಯಾಂಡೇಜಿಗೆ ತಾಗುತ್ತದೆ, ಆ ಒತ್ತಿಗೆ ನೀರು ಮೇಲೇರುತ್ತದೆ. ಆದ್ದರಿಂದ ಕಟ್ಟಿಕೊಂಡೇ ವ್ಯಾಯಾಮ ಮಾಡಬೇಕು, ಹೊಟ್ಟೆಯಿಂದ ನಿಧಾನವಾಗಿ ಉಸಿರಾಡಬೇಕು. ಮನೆಯಲ್ಲಿ ಕಟ್ಟುವುದನ್ನು ನನಗೂ ಕಲಿಸಿದರು. ಸರಿ ಬರುವವರೆಗೆ ಬಿಚ್ಚಿಸಿ ಮತ್ತೆ ಕಟ್ಟಿಸಿದರು.

ಚಿಕ್ಕಮ್ಮನ ತವರು ಉಡುಪಿ ಕಡೆ. ಅವರ ಮನಸ್ಸಿನಲ್ಲಿ ಇದ್ದದ್ದು ಆನೆಕಾಲಿನ ಭಯ. ಕರಾವಳಿಯ ಹಳೇ ತಲೆಮಾರಿಗೆ ಅದನ್ನು ಹೇಳಿ ಕೊಡಬೇಕಾಗಿಲ್ಲ. ಅಲ್ಲಿಯೂ ಹಾಳಾಗುವುದು ಲಿಂಫ್ ನಾಳಗಳೇ, ಆದರೆ ಕಾರಣ ಕ್ಯೂಲೆಕ್ಸ್ ಸೊಳ್ಳೆ ತರುವ ಫೈಲೇರಿಯಾ ಹುಳ. ನಿಮ್ಮದು ಅದಲ್ಲ, ಯಾರಿಗೂ ಅಂಟುವುದಿಲ್ಲ ಅಂತ ಥೆರಪಿಸ್ಟ್ ಹೇಳಿದ ಮೇಲೆ ಚಿಕ್ಕಮ್ಮ ಮೊಮ್ಮಗುವನ್ನು ಧೈರ್ಯವಾಗಿ ಎತ್ತಿಕೊಂಡರು. ಊರಲ್ಲಿ ಇಂಥ ಊತ ಇರುವವರು ಮುಂಬೈವರೆಗೆ ಬರಬೇಕಾಗಿಲ್ಲ. ಕಾಸರಗೋಡಿನ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯಲ್ಲಿ ಆಧುನಿಕ ವೈದ್ಯದ ಜೊತೆ ಆಯುರ್ವೇದ, ಯೋಗ ಸೇರಿಸಿ ಚಿಕಿತ್ಸೆ ಕೊಡುತ್ತಾರೆ.

ಕೊರತೆಗಳೂ ಇವೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಕಾಯುವ ಜಾಗದಲ್ಲಿ ನಾಲ್ಕೇ ಕುರ್ಚಿ. ಒಂದು ಸಲಕ್ಕೆ 900 ರೂಪಾಯಿ, ಶುರುವಿನಲ್ಲಿ ಹೆಚ್ಚುಕಡಿಮೆ ದಿನಾ ಹೋಗಬೇಕು, ನಮ್ಮ ಇನ್ಶೂರೆನ್ಸಿನವರು ಒಂದು ಪೈಸೆ ಕೊಡಲಿಲ್ಲ. ಮಳೆಗಾಲದಲ್ಲಿ ಬ್ಯಾಂಡೇಜ್ ಒಗೆದರೆ ಒಣಗುವುದಿಲ್ಲ, ಎರಡು ಸೆಟ್ ಬೇಕೇ ಬೇಕು. ಲೋಕಲ್‌ನಲ್ಲಿ ಬರುವಾಗ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತುತ್ತಿದ್ದೆವು. ಬೆವರಿಗೆ ತುರಿಕೆ ಬೇರೆ.

ಆದರೂ 4 ಇದ್ದ ವ್ಯತ್ಯಾಸ ಒಂದೂವರೆಗೆ ಇಳಿದಿದೆ. ಪೂರ್ತಿ ಗುಣ ಆಗುತ್ತದೆ ಅಂತ ಅವರು ಯಾವತ್ತೂ ಹೇಳಲಿಲ್ಲ, ಅದೂ ನನಗೆ ಹಿಡಿಸಿತು. ಈಗ ಚಿಕ್ಕಮ್ಮ ಹಗಲು ಹೊತ್ತು ಸ್ಲೀವ್, ಅಂದರೆ ಕೈಯನ್ನು ಬಿಗಿಯಾಗಿ ಹಿಡಿಯುವ ತೋಳುಚೀಲ ಹಾಕುತ್ತಾರೆ, ಅಳತೆ ಕೊಟ್ಟು ತರಿಸಿದ್ದು. ಆರು ತಿಂಗಳಿಗೊಮ್ಮೆ ಹೊಸದು ಬೇಕು, ಹಳೆಯದರ ಬಿಗಿ ಹೋಗಿಬಿಡುತ್ತದೆ. ಆ ಕೈಗೆ ಗಾಯ, ಸುಟ್ಟದ್ದು, ಸೊಳ್ಳೆ ಕಡಿತ ಯಾವುದೂ ಆಗದ ಹಾಗೆ ನೋಡಿಕೊಳ್ಳಬೇಕು. ಸೋಂಕು ಬೇಗ ಹಬ್ಬುತ್ತದೆ.

5ಕ್ಕೆ 4 ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಮೆಟ್ಟಿಲಿಗೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಶನ್ ಆಗಬೇಕಾಗಿದ್ದರೆ, ಅದಕ್ಕೆ ಮುಂಚೆಯೇ ಎರಡೂ ಕೈಗಳ ಅಳತೆ ತೆಗೆಸಿ ಬರೆದಿಟ್ಟುಕೊಳ್ಳಿ. ಅಳತೆಗೆ ಇಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ, ಶನಿವಾರ ಬೆಳಿಗ್ಗೆ ಹೋದರೆ ಜನ ಕಡಿಮೆ.