ಫ್ಲಾರೆನ್ಸ್‌ಗೆ ಹೋಗಿ ಸ್ಟಿಂಗ್ ತೋಟದ ವೈನ್ ಕುಡಿಯಬೇಕು ಅಂತಿದ್ದೀರಾ? ಬುಕ್ ಮಾಡುವ ಮುಂಚೆ ಇದನ್ನು ಓದಿ

ಕಳೆದ ಆಗಸ್ಟ್‌ನಲ್ಲಿ ಅಕ್ಕ, ಭಾವ ಮೈಸೂರಿನಿಂದ ಮ್ಯೂನಿಕ್‌ನ ನಮ್ಮ ಮನೆಗೆ ಬಂದಿದ್ದರು. ಭಾವನಿಗೆ ಕಾಲೇಜು ದಿನಗಳಿಂದಲೂ ಬ್ರಿಟಿಷ್ ಗಾಯಕ ಸ್ಟಿಂಗ್ ಹಾಡುಗಳೆಂದರೆ ಪ್ರಾಣ. ಇಟಲಿಯ ಟಸ್ಕನಿ ಪ್ರಾಂತ್ಯದ ಫಿಲ್ಯಿನೆ ವಾಲ್ದಾರ್ನೊ ಊರಿನ ಹತ್ತಿರ ಆತನ ಸಾವಯವ ತೋಟ 'ಇಲ್ ಪಲಾಜೊ' ಇದೆ, ಅಲ್ಲಿನ ವೈನ್‌ಗಳಿಗೆ ತನ್ನ ಹಾಡುಗಳ ಹೆಸರನ್ನೇ ಇಟ್ಟಿದ್ದಾನೆ ಅಂತ ಹೇಳಿದ್ದೇ ತಡ, ಹೋಗಲೇಬೇಕು ಅಂದರು.

ನಾನು ಮಾಡಿದ ತಪ್ಪು ಇಷ್ಟೇ: ತೋಟದವರನ್ನೇ ಕೇಳದೆ, ಫ್ಲಾರೆನ್ಸ್‌ನ ಒಬ್ಬ ಏಜೆಂಟನ ಹತ್ತಿರ ಮೂವರಿಗೂ ಮುಂಗಡ ಕಟ್ಟಿಬಿಟ್ಟೆ.

ಡ್ರೈವರ್ ನಮ್ಮನ್ನು ಇಳಿಸಿದ್ದು ತೋಟದಲ್ಲಲ್ಲ, ಹೆದ್ದಾರಿ ಪಕ್ಕದ ಅಂಗಡಿಯಲ್ಲಿ. "ತೋಟಕ್ಕೆ ಇವತ್ತು ರಜೆ, ವೈನ್ ಮಾತ್ರ ಅದೇ ತೋಟದ್ದು" ಅಂದ. ಗಾಜಿನ ಕಿಟಕಿಯಲ್ಲಿ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿದ್ದರು, ಮಧ್ಯಾಹ್ನದ ಬಿಸಿಲು ನೇರ ಅವುಗಳ ಮೇಲೆ. ನಾನು ಕೈಯಿಟ್ಟು ನೋಡಿದೆ, ಗಾಜು ಬಿಸಿಯಾಗಿತ್ತು. ಯಾವಾಗಲೋ ತೆರೆದಿಟ್ಟಿದ್ದ ಬಾಟಲಿಯಿಂದ ಮೂರು ಲೋಟಕ್ಕೆ ಸುರಿದರು. ಭಾವ ಒಂದು ಗುಟುಕು ಕುಡಿದು, ಅಕ್ಕನ ಕಡೆ ತಿರುಗಿ ಮೆಲ್ಲಗೆ, "ಹುಣಸೆ ಗೊಜ್ಜು ತಳ ಹಿಡಿದ ಹಾಗಿದೆ ಕಣೇ" ಅಂದರು. ಆದರೂ ಅಭಿಮಾನ ಬಿಡಲಿಲ್ಲ, ಎರಡು ಬಾಟಲಿ ಕೊಂಡರು.

ಮನೆಗೆ ಬಂದು ನೋಡಿದರೆ ಒಂದರ ಕಾರ್ಕ್ ಮೇಲೆದ್ದು ಹೊದಿಕೆಯನ್ನು ಉಬ್ಬಿಸಿತ್ತು, ಕುತ್ತಿಗೆಯಿಂದ ಅಂಟಂಟು ಗೆರೆ ಇಳಿದಿತ್ತು. ಕಾವು ತಗುಲಿ ಒಳಗಿನ ವೈನ್ ಹಿಗ್ಗಿ ಕಾರ್ಕನ್ನು ತಳ್ಳಿದ ಗುರುತು ಅದು. ಬಣ್ಣ ಕಂದು, ವಾಸನೆ ಬೇಯಿಸಿದ ಜಾಮ್‌ನದು. ಸಾವಯವ ವೈನ್ ವಿಷಯದಲ್ಲಿ ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಯುರೋಪಿನ ನಿಯಮದಂತೆ ಸಾಮಾನ್ಯ ಡ್ರೈ (ಸಿಹಿಯಿಲ್ಲದ) ಕೆಂಪು ವೈನ್‌ನಲ್ಲಿ ಲೀಟರಿಗೆ 150 ಮಿಲಿಗ್ರಾಂ ತನಕ ಸಲ್ಫೈಟ್, ಅಂದರೆ ವೈನ್ ಕೆಡದಂತೆ ಕಾಯುವ ಗಂಧಕದ ಲವಣ, ಇರಬಹುದು, ಸಾವಯವದಲ್ಲಿ 100 ಮಾತ್ರ. ಕಾಪಾಡುವ ಸಲ್ಫೈಟ್ ಕಡಿಮೆಯಾದಷ್ಟೂ ಬಿಸಿಲು, ಗಾಳಿಗೆ ಬೇಗ ಕೆಡುತ್ತದೆ.

ತೋಟದವರ ಮೇಲೆ ನನಗೆ ಒಂದಿಷ್ಟೂ ದೂರಿಲ್ಲ, ಅವರ ವೈನ್ ಸರಿಯಾಗಿದ್ದಾಗ ಹೇಗಿರುತ್ತದೋ ನಾವು ಕುಡಿದೇ ಇಲ್ಲ. ಸ್ಟಿಂಗ್ ಕೂಡ ಒಮ್ಮೆ ಇಂಥದ್ದನ್ನೇ ಹೇಳಿಕೊಂಡಿದ್ದ. ತೋಟ ಕೊಳ್ಳುವಾಗ ಹಳೇ ಮಾಲೀಕ ಇಲ್ಲಿಯದೇ ಅಂತ ಕುಡಿಸಿದ ವೈನ್ ಆಮೇಲೆ ನೋಡಿದರೆ ಇಟಲಿಯ ಇನ್ನೊಂದು ಪ್ರಾಂತ್ಯ ಪಿಯೆಮೊಂಟೆಯ ಬರೋಲೊ ಅನ್ನುವ ವೈನ್ ಆಗಿತ್ತಂತೆ. ಆ ಮಾಲೀಕರ ಮನೆಯವರು ಇದನ್ನು ಖಡಾಖಂಡಿತ ನಿರಾಕರಿಸಿದ್ದಾರೆ, ಅದೂ ಗೊತ್ತಿರಲಿ.

ಹೋಗುವವರು ತೋಟಕ್ಕೇ ನೇರವಾಗಿ ಬರೆದು ದಿನ ಗೊತ್ತುಮಾಡಿಕೊಳ್ಳಿ. ಫ್ಲಾರೆನ್ಸ್‌ನಿಂದ ಫಿಲ್ಯಿನೆಗೆ ಲೋಕಲ್ ರೈಲಿದೆ, ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು. ಟಸ್ಕನಿಯ ಕೆಂಪು ವೈನ್ ಕ್ಯಾಂಟಿ ಕೊಳ್ಳುವುದಾದರೆ ಬಾಟಲಿಯ ಕುತ್ತಿಗೆಯಲ್ಲಿ ಕ್ರಮಸಂಖ್ಯೆಯಿರುವ ಡಿಒಸಿಜಿ (ವೈನ್ ಯಾವ ಪ್ರದೇಶದ್ದು ಅನ್ನುವುದಕ್ಕೆ ಇಟಲಿಯ ಅಧಿಕೃತ ಖಾತ್ರಿ) ಪಟ್ಟಿ ಇದೆಯಾ ನೋಡಿ. ಸಾವಯವ ಅಂತ ಹೇಳಿ ಮಾರಿದರೆ ಲೇಬಲ್ ಮೇಲೆ ನಕ್ಷತ್ರಗಳಿಂದ ಮಾಡಿದ ಹಸಿರು ಎಲೆಯ ಗುರುತು ಹುಡುಕಿ. ನಿಮ್ಮ ಕಣ್ಣೆದುರೇ ಬಾಟಲಿ ತೆರೆಯಲು ಹೇಳಿ. ಕೊಂಡದ್ದನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊರು ಸುತ್ತಬೇಡಿ.

ಹಣ ವಾಪಸ್ ಕೇಳಿದ್ದಕ್ಕೆ ಏಜೆಂಟ್ ಕೊಟ್ಟ ಉತ್ತರ: "ನಾವು 'ತೋಟದ ವೈನ್' ಅಂತ ಬರೆದಿದ್ದೆವು, 'ತೋಟದಲ್ಲಿ ವೈನ್' ಅಂತಲ್ಲ." ಮತ್ತೆ ಎರಡು ಸಲ ಬರೆದೆ, ಉತ್ತರವೇ ಇಲ್ಲ. ಎರಡನೇ ಬಾಟಲಿಯನ್ನು ಭಾವ ತೆರೆಯದೆ ಮೈಸೂರಿಗೆ ಒಯ್ದರು. ಶೋಕೇಸಿನಲ್ಲಿಟ್ಟಿದ್ದಾರಂತೆ, ಬಂದವರು ಕೇಳಿದರೆ ಅಕ್ಕನೇ ಮಾತು ಬದಲಿಸುತ್ತಾಳಂತೆ.